ಕಾವಿಗೆ ಕೂತ ದ್ವೀಪ

ಕಡಲ ತೀರದಲ್ಲಿ ಕಳೆದ ಬಾಲ್ಯದ ರಜೆ ಎಂದೊಡನೆ ಕೆಲವರು ಕಣ್ಣು ಅರೆಮುಚ್ಚಿ ಹಕ್ಕಿಗಳ ದನಿ, ನೆಮ್ಮದಿ ಅಂತೆಲ್ಲ ಶುರುಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ನಾನು ಕಂಡ ತೀರದಲ್ಲಿ ದೊಡ್ಡ ಕಡಲಕ್ಕಿ ಬಾತಿನ ಮರಿಯನ್ನು ಜೀವಂತ ನುಂಗುತ್ತಿತ್ತು. ನುಂಗಿದ ಮೇಲೂ ಮರಿ ಅದರ ಕತ್ತಿನೊಳಗೆ ಒದ್ದಾಡುವುದು ಹೊರಗಿನಿಂದ ಕಾಣುತ್ತಿತ್ತು. ಹದ್ದು ತಾಯಿಬಾತನ್ನು ಬಂಡೆಗೆ ಒತ್ತಿ ಹಿಡಿದು ಎದೆ ಬಗೆಯುವಾಗ ಅದಿನ್ನೂ ರೆಕ್ಕೆ ಬಡಿಯುತ್ತಿತ್ತು. ಹನ್ನೊಂದು ವರ್ಷದ ನಾನು ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ನೋಡಬೇಕಾಗಿತ್ತು. ಬಾಯಿ ಬಿಟ್ಟರೆ ಬೊರ್ಗಿಲ್ಡ್ ಅತ್ತೆ ತೊಡೆ ಚಿವುಟುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ನಾರ್ವೆಯ ಉತ್ತರದ ಕಡಲಿನ ಅಂಗೈಯಗಲದ ದ್ವೀಪವೊಂದರಲ್ಲಿ ಒಬ್ಬಳೇ ಇದ್ದು ಈಡರ್ ಬಾತುಗಳನ್ನು ನೋಡಿಕೊಳ್ಳುತ್ತಿದ್ದಳು. ಸಾಕಿದವಲ್ಲ, ಕಾಡುಬಾತುಗಳು. ಬೇಸಿಗೆಯ ಮೊದಲಲ್ಲಿ ಅವು ಕಡಲಿಂದ ಎದ್ದು ಬಂದು, ಅವಳು ಕಲ್ಲು ಹಲಗೆ ಜೋಡಿಸಿ ಕಟ್ಟಿಟ್ಟ ಪುಟ್ಟ ಗೂಡುಗಳಲ್ಲಿ, ಒಣಗಿಸಿ ಹಾಸಿದ ಕಡಲಪಾಚಿಯ ಮೇಲೆ ಮೊಟ್ಟೆಯಿಡುತ್ತಿದ್ದವು. ಮರಿಗಳನ್ನು ಕರೆದುಕೊಂಡು ಹೊರಟ ಮೇಲೆ ಗೂಡಿನಲ್ಲಿ ಉಳಿದ ತುಪ್ಪುಳು ಅವಳದು. ಅದರಿಂದ ಹೊದಿಕೆ ಮಾಡುತ್ತಿದ್ದಳು. ಬದಲಿಗೆ ಅವಳು ಕೊಡಬೇಕಾದದ್ದು ಕಾವಲು ಮತ್ತು ಮೌನ. ಬಾತು ಕಾವಿಗೆ ಕೂತಷ್ಟು ದಿನ ದ್ವೀಪದಲ್ಲಿ ಜೋರು ಮಾತಿಲ್ಲ, ಸುತ್ತಿಗೆಯ ಸದ್ದಿಲ್ಲ, ಒಗೆದ ಬಟ್ಟೆ ಗಾಳಿಗೆ ಪಟಪಟ ಅನ್ನುವಂತಿಲ್ಲ, ನಾಯಿ ಕಾಲಿಡುವಂತಿಲ್ಲ. ಬಾತುಗಳಿಗೆ ತನ್ನ ಗುರುತು ತಪ್ಪೀತೆಂದು ಅತ್ತೆ ತನ್ನ ಬೂದು ಅಂಗಿಯನ್ನು ಸಹ ಬದಲಿಸುತ್ತಿರಲಿಲ್ಲ. ಜೂನ್ ಮುಗಿಯುವ ಹೊತ್ತಿಗೆ ಅವಳ ಪಕ್ಕ ಕೂರಲು ಮೂಗು ಗಟ್ಟಿಯಿರಬೇಕಿತ್ತು.

ಆ ವರ್ಷ ಇನ್ನೇನು ಮೊಟ್ಟೆ ಒಡೆಯಬೇಕು ಅನ್ನುವಾಗ ಮಿಂಕ್ ಬಂತು. ಬೆಕ್ಕಿಗಿಂತ ಸಣ್ಣದು, ಕಪ್ಪು, ಯಾವ ಸಂದಿಯಲ್ಲಾದರೂ ನುಸುಳುವ ಪ್ರಾಣಿ. ಹಸಿವಿಗೆ ಕೊಂದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಬೆಳಿಗ್ಗೆ ನೋಡಿದರೆ ದಡದ ಸಾಲಿನ ಬಾತುಗಳು ಕತ್ತು ಸೀಳಿಸಿಕೊಂಡು ಕೂತಲ್ಲೇ ಸತ್ತಿದ್ದವು. ಒಂದನ್ನೂ ತಿಂದಿರಲಿಲ್ಲ. ಕೆಳಗಿನ ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಅತ್ತೆ ಅವನ್ನು ಆಯ್ದು, ರಕ್ತ ಒರೆಸಿ, ಬದುಕಿದ್ದ ಬಾತುಗಳ ಹೊಟ್ಟೆಯಡಿಗೆ ತೂರಿಸಿದಳು.

ಪಕ್ಕದ ದ್ವೀಪದ ಓಡ್ವಾರ್ ಮೀನು ಕೊಡಲು ಬಂದವನು ಸತ್ತ ಬಾತುಗಳ ರಾಶಿ ನೋಡಿದ. ಅವನ ದೋಣಿಯಲ್ಲಿ ಬಂದೂಕಿತ್ತು.

“ಬೊರ್ಗಿಲ್ಡಕ್ಕ, ಒಂದೇ ಗುಂಡು. ಕಥೆ ಮುಗ್ದೋಯ್ತು,” ಎಂದು ಪಿಸುಗುಟ್ಟಿದ.

“ಆವತ್ತೂ ಒಂದೇ ಗುಂಡು ಅಂದಿದ್ದೆ ನೀನು. ನೀರುನಾಯಿಗೆ ಅಂತ ಹೊಡ್ದೆ. ನೀರುನಾಯಿ ಆರಾಮಾಗಿ ಹೋಯ್ತು. ನನ್ ಬಾತುಗಳೆಲ್ಲ ಎದ್ದು ಹಾರಿದ್ವು, ಮೊಟ್ಟೆ ಅಷ್ಟೂ ಕಡಲಕ್ಕಿ ಪಾಲಾಯ್ತು. ಆಮೇಲೆ ಆರು ವರ್ಷ ಒಂದೂ ಈ ಕಡೆ ತಲೆ ಹಾಕ್ಲಿಲ್ಲ. ಆರು ವರ್ಷ ಖಾಲಿ ಗೂಡು ಗುಡಿಸಿದೀನಿ ಓಡ್ವಾರ್.”

“ಮತ್ತೇನ್ ಮಾಡ್ತೀಯ? ಕೈಯಲ್ಲಿ ಹಿಡೀತೀಯಾ?”

“ಹೂಂ, ಹಿಡೀತೀನಿ. ನೀನು ಹೊರಡು. ಮೋಟಾರು ಹಾಕ್ಬೇಡ.”

“ತಲೆ ಕೆಟ್ಟಿದೆ ನಿಂಗೆ,” ಎಂದ ಓಡ್ವಾರ್, ಆದರೂ ಹುಟ್ಟು ಹಾಕುತ್ತಲೇ ಹೋದ.

ದೋಣಿ ಎಳೆದಿಡಲು ದಡದಲ್ಲಿ ಕಟ್ಟಿದ್ದ ದೋಣಿಮನೆಯ ನೆಲಹಲಗೆಯ ಕೆಳಗೆ ಮಿಂಕ್ ಸೇರಿಕೊಂಡಿತ್ತು. ಅದೇ ದೋಣಿಮನೆಯ ಗೋಡೆಯುದ್ದಕ್ಕೂ ಬಾತುಗಳು ಕೂತಿದ್ದವು. ಅತ್ತೆ ಒಂದು ಹಲಗೆಯನ್ನು ಸದ್ದಾಗದಂತೆ ಸರಿಸಿ, ಮೀನಿನ ತಲೆಗೆ ಬಡಿಯುವ ಮರದ ಕೊಡತಿಯನ್ನು ನನ್ನ ಕೈಗಿತ್ತಳು.

“ನಾನು ಹಿಡ್ದು ಮೇಲಕ್ಕೆ ಎಳೀತೀನಿ. ನೀನು ತಲೆಗೆ ಹೊಡಿ. ಬಾಯಿಂದ ಕುಯ್ ಅಂದ್ಯೋ, ನಾಳೇನೇ ನಿಮ್ಮಪ್ಪನ ಹತ್ರ ಅಟ್ತೀನಿ, ಟೂರಿಡ್.”

“ಹೊಡೆದ ಸದ್ದು ಆಗಲ್ವಾ ಅತ್ತೆ?”

“ಮಾಂಸದ ಮೇಲೆ ಬಿದ್ರೆ ಆಗಲ್ಲ. ಹಲಗೆ ಮೇಲೆ ಬೀಳಿಸ್ಬೇಡ.”

ಉಣ್ಣೆಯ ಗವಸು ತೊಟ್ಟು, ಬೋರಲು ಮಲಗಿ, ಅವಳು ಭುಜದವರೆಗೂ ಕೈ ಇಳಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳ ಮೈ ಒಮ್ಮೆಲೇ ಸೆಟೆಯಿತು. ಕೈ ಮೇಲೆ ಬಂದಾಗ ಮಿಂಕ್ ಅವಳ ಹೆಬ್ಬೆರಳಿನ ಬುಡದಲ್ಲಿ ಹಲ್ಲು ಊರಿ ನೇತಾಡುತ್ತಿತ್ತು. ಗವಸಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅದು ಹಿಂಗಾಲುಗಳಿಂದ ಅವಳ ಮುಂಗೈಯನ್ನು ಪರಪರ ಕೆರೆಯುತ್ತ, ಮೂಗಿಗೆ ಬಡಿಯುವಂಥ ನಾತ ಬಿಟ್ಟಿತು. ಅತ್ತೆ ಅದನ್ನು ಹಳೆಯ ಬಲೆಯ ರಾಶಿಗೆ ಒತ್ತಿ, ಕಣ್ಣಿನಲ್ಲೇ ಹೊಡಿ ಅಂದಳು.

ಹೊಡೆದೆ. ಒಳಗೆ ಏನೋ ಪುಡಿಯಾದದ್ದು ಕೊಡತಿಯ ಹಿಡಿಗೇ ತಿಳಿಯಿತು. ಆದರೆ ಹಲ್ಲಿನ ಹಿಡಿತ ಬಿಟ್ಟಿರಲಿಲ್ಲ. ಅತ್ತೆಯ ಕಣ್ಣುಗಳು ಇನ್ನೂ ಅಗಲವಾದವು. ಇನ್ನೊಂದು ಬೇಕೆನ್ನುತ್ತಿದ್ದಾಳೆ ಎಂದುಕೊಂಡು ಮತ್ತೆ ಹೊಡೆದೆ. ಅವಳ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಸೀಳಿದ ಆ ಕತ್ತುಗಳೆಲ್ಲ ನನ್ನ ಕಣ್ಣ ಮುಂದಿದ್ದವು, ರೋಷ ಉಕ್ಕುತ್ತಿತ್ತು. ಮೂರನೆಯದನ್ನು ಎರಡೂ ಕೈಯಲ್ಲಿ ಎತ್ತಿ ಹೊಡೆದೆ. ಮುಚ್ಚಿಡುವುದೇನು, ಹೊಡೆಯುವಾಗ ಸುಖವಾಗಿತ್ತು.

ಹತ್ತಿರದ ಬಾತು ಕತ್ತು ಹೊರಳಿಸಿ ನಮ್ಮನ್ನು ನೋಡಿತು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಅದು ಕೊಕ್ಕಿನಿಂದ ತುಪ್ಪುಳು ಸರಿಮಾಡಿಕೊಂಡು ಮತ್ತೆ ಮೊಟ್ಟೆಗಳ ಮೇಲೆ ಕುಸಿದು ಕೂತಿತು. ಗೋಡೆಯುದ್ದಕ್ಕೂ ಒಂದು ಬಾತೂ ಎದ್ದಿರಲಿಲ್ಲ.

ಅತ್ತೆ ಚೂರಿಯಿಂದ ಮಿಂಕಿನ ದವಡೆ ಬಿಡಿಸಿ, ಕೈಯನ್ನು ಅಂಗಿಯ ಅಂಚಿನಲ್ಲಿ ಸುತ್ತಿಕೊಂಡು, ನೇರ ನಮ್ಮ ದೋಣಿಗೆ ಹೋಗಿ ಕೂತಳು. ಹುಟ್ಟು ಹಾಕು ಎಂದು ಸನ್ನೆ ಮಾಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಕೊನೆಯ ಬಂಡೆ ದಾಟಿ ನಾನು ನಿಲ್ಲಿಸಿದರೆ, ಇನ್ನೂ ಎಂದು ಗಲ್ಲ ಎತ್ತಿದಳು. ದೋಣಿಮನೆ ಬೆಂಕಿಪೊಟ್ಟಣದಷ್ಟಾಯಿತು. ಅವಳು ಗಾಳಿಗೆ ಮುಖವೊಡ್ಡಿ ನೋಡಿದಳು. ಗಾಳಿ ದ್ವೀಪದ ಕಡೆಯಿಂದಲೇ ಬೀಸುತ್ತಿತ್ತು. ಇಲ್ಲಿನ ಸದ್ದು ಅಲ್ಲಿಗೆ ಹೋಗುವಂತಿರಲಿಲ್ಲ.

ಆಗ ಅತ್ತೆ ಕಿರುಚಿದಳು. ಮನುಷ್ಯರ ಗಂಟಲಿನಿಂದ ಅಂಥ ಕೂಗು ನಾನು ಮತ್ತೆಂದೂ ಕೇಳಿಲ್ಲ. ಉಸಿರು ಮುಗಿಯುವವರೆಗೂ ಕಿರುಚಿ, ಇನ್ನೊಂದು ಉಸಿರು ಎಳೆದುಕೊಂಡು ಮತ್ತೆ ಕಿರುಚಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಮುಂಡೇದೇ! ಮೊದಲ್ನೇ ಏಟಿಗೇ ಸತ್ತೋಗಿತ್ತು ಕಣೇ ಅದು! ಆಮೇಲಿನ ಎರಡೂ ನನ್ ಬೆರಳಿಗೆ!”

“ಸಾಕು ಅನ್ಬಾರ್ದಿತ್ತಾ ಅತ್ತೆ?” ನಾನು ಅಳುತ್ತಿದ್ದೆ.

“ಹೆಂಗೆ ಅನ್ಲೇ?” ಎಂದಳು ಅತ್ತೆ. “ಅವು ಕೂತಿದ್ವಲ್ಲೇ!”