ಪೆನ್ಸಿಲಿನ ಮುಖ

ಗೈಕ್ ಲೂಯಿಗೆ ಮೊದಲು ಕಂಡದ್ದು ಹುಬ್ಬು. ಗಂಡ ಸೂನ್ ಹುವಾಟ್ ಭಾನುವಾರದ ಗುಜರಿ ಸಂತೆಯಿಂದ ಹೊತ್ತು ತಂದ ಕಪ್ಪು-ಬಿಳುಪು ಫೋಟೋಗಳ ಧೂಳು ಒರೆಸುತ್ತ ಕೂತಿದ್ದಳು. ಒಬ್ಬ ಮದುಮಗಳ ಎಡಹುಬ್ಬಿನ ತುದಿ ಒಂದಿಷ್ಟೇ ಮೇಲೆದ್ದಿತ್ತು. ಬಾಯಿಯ ಮೂಲೆಯಲ್ಲಿ ನಗು ಬರಲೋ ಬೇಡವೋ ಎಂದು ತಡೆದು ನಿಂತಿತ್ತು. ಈ ಮುಖವನ್ನು ಮೊನ್ನೆಯಷ್ಟೇ ನೋಡಿದ್ದೆನಲ್ಲ ಎನ್ನಿಸಿ ಅವನ ಹಳೆಯ ಫೋಟೋಗಳ ಪೆಟ್ಟಿಗೆ ತೆಗೆದಳು. ಹೌದು, ಅಲ್ಲಿ ಅವಳೇ ಶಾಲೆಯ ಟೀಚರಾಗಿ ಮಕ್ಕಳ ನಡುವೆ ನಿಂತಿದ್ದಳು. ಇನ್ನೊಂದರಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮತ್ತೊಂದರಲ್ಲಿ ಗೆಳತಿಯ ಹೆಗಲಿಗೆ ಕೈ ಹಾಕಿದ್ದಳು.

ಹುವಾಟ್ ಜಾಹೀರಾತಿನ ಫೋಟೋಗ್ರಾಫರ್. ಹಬ್ಬದ ಮೂನ್‌ಕೇಕ್‌ಗಳಿಗೆ ಕುಂಚದಿಂದ ಎಣ್ಣೆ ಸವರಿ ಮಿನುಗಿಸುವುದು, ಹೋಟೆಲ್ಲಿನ ಸೂಪಿನ ಬಟ್ಟಲಿನಿಂದ ಹಬೆ ಏಳುವಂತೆ ತೋರಿಸುವುದು, ಇದರಲ್ಲೇ ಅರವತ್ತು ದಾಟಿದ್ದ. ಈಗೆಲ್ಲ ಕಂಪ್ಯೂಟರಿನ ಕೆಲಸ, ಫೋಟೋ ತೊಳೆಯುತ್ತಿದ್ದ ಮನೆಯ ಹಿಂದಿನ ಕತ್ತಲೆಕೋಣೆಯಲ್ಲಿ ಬಕೆಟ್ಟು-ಪೊರಕೆ ಇಟ್ಟು ವರ್ಷಗಳಾಗಿದ್ದವು. ಹೋದ ವರ್ಷ ಇದ್ದಕ್ಕಿದ್ದಂತೆ ಹಳೆಯ ಪ್ರಿಂಟುಗಳ ಹುಚ್ಚು ಹಿಡಿಯಿತು. ನಿವೃತ್ತಿಯ ವಯಸ್ಸಿನ ಗಂಡಸರಿಗೆ ಏನಾದರೊಂದು ಹಿಡಿಯುತ್ತದೆ, ಪಕ್ಕದ ಮನೆಯವನಿಗೆ ಹಾಡುವ ಹಕ್ಕಿಗಳ ಹುಚ್ಚು, ಇವನಿಗೆ ಇದು ಎಂದುಕೊಂಡಿದ್ದಳು ಗೈಕ್.

ಆ ದಿನದಿಂದ ಅವಳು ಗಂಡನನ್ನು ಗಮನಿಸತೊಡಗಿದಳು. ಹಳೆಯ ಬಂದರಿನ ಚಿತ್ರಗಳನ್ನು, ಬೇರೆ ಸಂಗ್ರಾಹಕರು ಯಾರೂ ಬಿಡದಂಥವನ್ನು ಕೂಡ, ಅವನು ಪಕ್ಕಕ್ಕೆ ಸರಿಸುತ್ತಿದ್ದ. ಹೆಂಗಸರ ಮುಖ ಸಿಕ್ಕರೆ ಮಾತ್ರ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿ ಇಟ್ಟು, ಕಾಫಿ ಆರಿ ತಣ್ಣಗಾಗುವವರೆಗೂ ನೋಡುತ್ತಿದ್ದ. ಊಟಕ್ಕೆ ಕರೆದರೆ ಬೆಚ್ಚಿಬೀಳುತ್ತಿದ್ದ. ಮದುವೆಯಾದ ಹೊಸತರಲ್ಲೂ ಅವನು ತನ್ನನ್ನು ಹೀಗೆ ನೋಡಿದ ನೆನಪು ಅವಳಿಗಿರಲಿಲ್ಲ.

ನಾದಿನಿ ಪೆಂಗ್ ಬಂದಾಗ ಗೈಕ್ ಮಾತಿನ ನಡುವೆ, ತನಗೇನೂ ಅನ್ನಿಸಿಲ್ಲ ಎಂಬಂತೆ, ವಿಷಯ ತೆಗೆದಳು. ಪೆಂಗ್‌ಗೆ ಮೊದಲಿನಿಂದಲೂ ಈ ಸಂಗ್ರಹ ಇಷ್ಟವಿರಲಿಲ್ಲ. ಯಾರದೋ ಮನೆಯ ಸತ್ತವರನ್ನು ತಂದು ತಮ್ಮ ಮನೆಯಲ್ಲಿ ಕೂರಿಸಿದರೆ, ಸ್ವಂತ ಹಿರಿಯರು ತಮಗೆ ಹಚ್ಚಿದ ಊದುಬತ್ತಿ ಸ್ವೀಕರಿಸುವುದು ಹೇಗೆ ಎಂಬುದು ಅವಳ ವಾದ.

"ಅತ್ತಿಗೆ, ಎಲ್ಲಾ ಹೆಂಗಸ್ರೇನಾ?" ಎಂದು ಗೈಕ್‌ಳ ಮುಖ ನೋಡಿದಳು.

"ಎಲ್ಲಾ ಒಬ್ಳೇ ಹೆಂಗಸು."

ಪೆಂಗ್ ಬಾಯಲ್ಲಿದ್ದ ಕಡುಬು ನುಂಗಿ ನಕ್ಕಳು. "ನಮ್ಮಣ್ಣಂಗೆ ಬದುಕಿರೋರ ಹತ್ರ ಮಾತಾಡೋಕೇ ಬರಲ್ಲ. ಫೋಟೋದಲ್ಲಿರೋಳನ್ನ ಇಟ್ಕೊಂಡ್ರೆ ಖರ್ಚೂ ಕಮ್ಮಿ ಬಿಡಿ."

ಗೈಕ್ ಕೂಡ ನಕ್ಕಳು. ಆದರೆ ಪೆಂಗ್ ಹೋದ ಮೇಲೆ ಪಾತ್ರೆ ತೊಳೆಯುವಾಗ ಒಂದು ಬಟ್ಟಲು ಕೈಜಾರಿ ಒಡೆಯಿತು. ಒಂದು ಮಾತು ತಿಳಿದರೆ ಸಾಕಿತ್ತು ಅವಳಿಗೆ. ಇಷ್ಟು ವರ್ಷ ತಾನು ಬಾಳಿದ್ದು ತನ್ನ ಜಾಗದಲ್ಲೋ, ಇನ್ನೊಬ್ಬಳು ಬಿಟ್ಟುಹೋದ ಜಾಗದಲ್ಲೋ?

ಮರುದಿನ ಬೆಳಿಗ್ಗೆ ಪ್ರಿಂಟುಗಳನ್ನೆಲ್ಲ ಊಟದ ಮೇಜಿನ ಮೇಲೆ ಇಸ್ಪೀಟಿನ ಎಲೆಗಳಂತೆ ಹರಡಿದಳು. ಹುವಾಟ್ ಮುಖ ತೊಳೆದು ಬಂದವನು ಟವೆಲ್ ಹೆಗಲ ಮೇಲಿರುವಂತೆಯೇ ನಿಂತ.

"ಯಾರಿವಳು?" ಎಂದಳು.

"ಯಾವಳು?"

"ಇವಳು. ಇವಳು. ಇಲ್ಲಿರೋಳು. ಇಲ್ಲಿ ಕೂಸು ಎತ್ಕೊಂಡಿರೋಳು."

ಅವನು ಅರ್ಥವಾಗದೆ ನೋಡಿ, ಆಮೇಲೆ ನಕ್ಕುಬಿಟ್ಟ. ಆ ನಗುವಿಗೆ ಅವಳ ಮೈ ಉರಿಯಿತು. ಅದು ಒಬ್ಬಳಲ್ಲ, ಬೇರೆ ಬೇರೆಯವರು ಎಂದ ಅವನು. ನಂಬದಿದ್ದರೆ ಕಿವಿ ನೋಡು ಎಂದು ಭೂತಗನ್ನಡಿ ಕೊಟ್ಟ. ಹಿಂದೆಲ್ಲ ಸ್ಟುಡಿಯೊದಲ್ಲಿ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಮೊಡವೆ, ಸುಕ್ಕು ಎಲ್ಲ ಮರೆಮಾಡಿ, ಹುಬ್ಬು, ತುಟಿಯ ಅಂಚನ್ನೂ ತಿದ್ದುತ್ತಿದ್ದರು. ತಿದ್ದುವವರ ಕೈ ಒಂದೇ ಆದರೆ ಮುಖಗಳೂ ಒಂದೇ ಥರ ಆಗುತ್ತವೆ. ಆದರೆ ಕಿವಿಯನ್ನು ಮಾತ್ರ ಯಾರೂ ತಿದ್ದುವುದಿಲ್ಲ.

ಗೈಕ್ ಬಗ್ಗಿ ನೋಡಿದಳು. ಮದುಮಗಳ ಕಿವಿ ಓಲೆಯ ಭಾರಕ್ಕೆ ಜೋತಿತ್ತು. ಟೀಚರದು ಚಿಕ್ಕದು, ತಲೆಗೆ ಅಂಟಿಕೊಂಡಿತ್ತು. ಕೂಸಿನ ತಾಯಿಯದು ಎಲೆಯಂತೆ ಹೊರಚಾಚಿತ್ತು. ಒಬ್ಬೊಬ್ಬರೂ ಬೇರೆಯೇ. ಅವಳಿಗೆ ನಾಚಿಕೆಯಾಯಿತು, ಎದೆಯೂ ಹಗುರಾಯಿತು. ಸ್ವಲ್ಪ ಹೊತ್ತಷ್ಟೇ.

"ತಿದ್ದಿದ್ದು ಯಾರು?"

"ಯೋಕ್ ಮೂಯಿ ಅಂತ. ಲಾಮ್ ಯಜಮಾನರ ಸ್ಟುಡಿಯೊದಲ್ಲಿ ನಾನು ಕೆಲಸ ಕಲೀತಿದ್ದಾಗ ಇದ್ಲು. ಅಂಥ ಕೈ ಈಗ ಎಲ್ಲೂ ಇಲ್ಲ. ಅದಕ್ಕೇ ಸೇರಿಸ್ತಿದ್ದೀನಿ."

"ನೋಡೋಕೆ ಹೇಗಿದ್ಲು?"

"ನೆನಪಿಲ್ಲ."

ಹೆಸರನ್ನು ಥಟ್ಟನೆ ಹೇಳಿದವನು ಇದನ್ನು ತಡೆದು ಹೇಳಿದ. ಪರಸ್ತ್ರೀಯರ ಕಿವಿಗಳನ್ನೆಲ್ಲ ಒಂದೊಂದಾಗಿ ಗುರುತಿಟ್ಟವನಿಗೆ, ಪಕ್ಕದ ಸ್ಟೂಲಿನ ಮೇಲೆ ವರ್ಷಗಟ್ಟಲೆ ಕೂತವಳ ಮುಖ ನೆನಪಿಲ್ಲ! ಗೈಕ್ ಮತ್ತೆ ಮೇಜಿನ ಮೇಲೆ ಕಣ್ಣಾಡಿಸಿದಳು. ಕೈಗೆ ಒಂದು ಮುಖ ಅಭ್ಯಾಸವಾಗಬೇಕಾದರೆ ಎಲ್ಲಿಂದಲೋ ಆಗಬೇಕು. ದಿನವೂ ಕನ್ನಡಿಯಲ್ಲಿ ಕಾಣುವ ಮುಖಕ್ಕಿಂತ ಸುಲಭದ್ದು ಯಾವುದಿದೆ? ಈ ಹುಬ್ಬು ಯೋಕ್ ಮೂಯಿಯದೇ ಇರಬೇಕು.

ಅವರ ಮದುವೆಯ ಫೋಟೋ ತೆಗೆದದ್ದೂ ಅದೇ ಸ್ಟುಡಿಯೊದಲ್ಲಿ. ಅದರಲ್ಲಿ ಗೈಕ್‌ಳ ಹಣೆಯ ಮೊಡವೆಗಳು ಇದ್ದ ಹಾಗೆಯೇ ಇದ್ದವು, ಹುಬ್ಬು ಎಂದಿನಂತೆ ಜೋತುಬಿದ್ದಿತ್ತು. ಮಗಳನ್ನು ಚೆಂದ ಮಾಡಲಿಲ್ಲವೆಂದು ಅವಳ ತಾಯಿ ಸಾಯುವವರೆಗೂ ಲಾಮ್ ಯಜಮಾನರನ್ನು ಬೈದಿದ್ದರು. ಕೆಲಸದ ಹುಡುಗನ ಮದುವೆ, ಪುಕ್ಕಟೆ ಫೋಟೋ, ಅದಕ್ಕೆ ಅಸಡ್ಡೆ ಎಂದು ಗೈಕ್ ಸುಮ್ಮನಾಗಿದ್ದಳು. ಆ ಕೈ ಊರಿನ ಮದುವಣಗಿತ್ತಿಯರನ್ನೆಲ್ಲ ತಿದ್ದಿ, ತನ್ನೊಬ್ಬಳನ್ನು ಮಾತ್ರ ಏಕೆ ಬಿಟ್ಟಿತು?

"ನಮ್ಮ ಮದುವೆ ನೆಗೆಟಿವ್ ತಗೊಂಡ್ಬಾ" ಎಂದಳು.

ಸ್ಟುಡಿಯೊ ಮುಚ್ಚಿದಾಗ ಅವನು ಅದನ್ನು ಕೇಳಿ ತಂದಿಟ್ಟುಕೊಂಡಿದ್ದ. ಈಗ ಎಲ್ಲಿದೆಯೋ ಏನೋ, ಹುಡುಕಬೇಕು ಎಂದು ಗೊಣಗಿದ. ಅವಳು ಕದಲದೆ ನಿಂತದ್ದನ್ನು ಕಂಡು ಕತ್ತಲೆಕೋಣೆಗೆ ಹೋದ. ಹುಡುಕುವ ಸದ್ದೇ ಕೇಳಲಿಲ್ಲ. ಹೋದಷ್ಟೇ ಬೇಗ ಲಕೋಟೆ ಹಿಡಿದು ಬಂದ. ಅದನ್ನೂ ಗೈಕ್ ಮನಸ್ಸಿನಲ್ಲಿ ಬರೆದುಕೊಂಡಳು.

ಕಿಟಕಿಗೆ ಹಿಡಿದು ಅವಳು ತನ್ನ ಮುಖವನ್ನು ನೋಡಿದಳು. ಕಪ್ಪೆಲ್ಲ ಬಿಳುಪಾಗಿ, ಬಿಳುಪೆಲ್ಲ ಕಪ್ಪಾಗಿ, ಯಾರೋ ಎನ್ನುವಂತಿತ್ತು. ಓರೆ ಮಾಡಿದಾಗ ಮುಖದ ಸುತ್ತ ಮಂದವಾದ ಉಂಗುರವೊಂದು ಹೊಳೆಯಿತು. ಒಳಗಿನ ಜಾಗ ಉಜ್ಜಿ ತೆಗೆದ ಹಾಗೆ ನುಣ್ಣಗಿತ್ತು.

"ಇದೇನು?"

ಅವನು ಕುರ್ಚಿ ಎಳೆದು ಕೂತ. ಪೆನ್ಸಿಲಿನ ಗೆರೆ ಹಿಡಿಯಲೆಂದು ನೆಗೆಟಿವ್‌ಗೆ ಮೊದಲು ಹಚ್ಚುವ ವಾರ್ನಿಷ್ ಅದು ಎಂದ.

"ಅಂದ್ರೆ ತಿದ್ದಿದ್ಲು."

"ತಿದ್ದಿದ್ಲು."

"ಆಮೇಲೆ?"

"ಟರ್ಪೆಂಟೈನ್‌ನಲ್ಲಿ ಹತ್ತಿ ಅದ್ದಿ ಒರೆಸಿದ್ದು ನಾನೇ." ಅವನು ಟವೆಲನ್ನು ಹೆಗಲಿಂದ ತೆಗೆದು ಮಡಿಚಿದ. "ಪ್ರಿಂಟ್ ಹಾಕಿದೆ, ರಾಸಾಯನಿಕದ ಟ್ರೇಯಲ್ಲಿ ಮುಖ ಎದ್ದು ಬಂತು. ಫೋಟೋದಲ್ಲಿ ಮದುಮಗಳ ಪಕ್ಕ ನಿಂತಿದ್ದೆ ನಾನು, ಆದ್ರೆ ಅಲ್ಲಿರೋಳು ನೀನಲ್ಲ. ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

"ಅವಳ ಮುಖ ಅಂತ ಗುರುತು ಸಿಕ್ತು ಹಾಗಾದ್ರೆ."

ಅವನು ಟವೆಲಿನ ಮಡಿಕೆಯನ್ನು ಮತ್ತೆ ಮತ್ತೆ ಸವರಿದ. ಅವಳಿಗೆ ಅದೇ ಉತ್ತರವಾಯಿತು. ಆದರೂ ವಿಚಿತ್ರವೆಂದರೆ, ಕೋಪಕ್ಕಿಂತ ಮೊದಲು ಅವಳ ಕಣ್ಣಿಗೆ ಬಂದದ್ದು ಇಪ್ಪತ್ತೈದರ ಹುಡುಗನೊಬ್ಬ ಹತ್ತಿ ಹಿಡಿದು, ಒಬ್ಬಳನ್ನು ಅಳಿಸಿ ಇನ್ನೊಬ್ಬಳನ್ನು ಉಳಿಸಿಕೊಳ್ಳುತ್ತಿದ್ದ ಚಿತ್ರ. ಉಳಿಸಿಕೊಂಡದ್ದು ತನ್ನನ್ನು, ಮೊಡವೆಗಳ ಸಮೇತ. ಇದನ್ನು ಅವನು ಅಂದೇ ಹೇಳಿದ್ದರೆ ತಾನು ಆ ಫೋಟೋವನ್ನು ಪಡಸಾಲೆಯಲ್ಲಿ ತೂಗುಹಾಕಿ ಮೆರೆಯುತ್ತಿದ್ದೆನೇ, ಇಲ್ಲ ತವರಿಗೆ ಹೋಗಿಬಿಡುತ್ತಿದ್ದೆನೇ ಎಂದು ಅವಳಿಗೆ ತಿಳಿಯಲಿಲ್ಲ.

"ಆವತ್ತು ಒರೆಸಿದವನು ಈಗ ಯಾಕೆ ಹುಡುಕಿ ಹುಡುಕಿ ತರ್ತಿದ್ದೀಯ?"

ಹೋದ ವರ್ಷ ಯೋಕ್ ಮೂಯಿ ತೀರಿಕೊಂಡಳು ಎಂದ ಹುವಾಟ್. ಮದುವೆಯಾಗಿರಲಿಲ್ಲ, ಇಪೋ ಊರಿನಲ್ಲಿ ತನ್ನ ಅಕ್ಕನ ಮಗನ ಮನೆಯಲ್ಲಿದ್ದಳು. ಹೋದ ವರ್ಷ ಒಮ್ಮೆ ಹೋಟೆಲ್ಲಿನ ಫೋಟೋ ಕೆಲಸವಿದೆ ಎಂದು ಗೈಕ್‌ಗೆ ಹೇಳಿ ತಾನು ಹೋದದ್ದು ಅಲ್ಲಿಗೇ, ಅವಳ ಅಂತ್ಯಕ್ರಿಯೆಗೆ. ಶವಪೆಟ್ಟಿಗೆಯ ಮುಂದೆ ಫೋಟೋ ಇರಲಿಲ್ಲ. ಬಿಳಿ ಕಾಗದದಲ್ಲಿ ಹೆಸರಷ್ಟೇ ಬರೆದು ನಿಲ್ಲಿಸಿದ್ದರು. ಊರಿಗೆಲ್ಲ ಮುಖ ತಿದ್ದಿಕೊಟ್ಟವಳು ಒಮ್ಮೆಯೂ ಕ್ಯಾಮೆರಾದ ಮುಂದೆ ಕೂತಿರಲಿಲ್ಲ. ಈಗ ಅವಳ ಗುರುತು ಉಳಿದಿರುವುದು ಈ ಹೆಂಗಸರ ಮುಖಗಳಲ್ಲಿ ಮಾತ್ರ.

"ಅವಳ ಅಕ್ಕನ ಮಗ ನನ್ನ ಕೈ ಹಿಡ್ಕೊಂಡು ಕೇಳ್ದ, ಅಂಕಲ್, ನಿಮ್ಮ ಹತ್ರಾನೂ ಒಂದು ಫೋಟೋ ಇಲ್ವಾ ಅಂತ. ಏನು ಹೇಳ್ಲಿ?"

ಅವನ ಕಣ್ಣು ತುಂಬಿತ್ತು. ಫೋಟೋ ಇಲ್ಲದೆ ಹೋದವಳ ಮೇಲೆ ಹಗೆ ಸಾಧಿಸುವುದು ಹೇಗೆ? ಮೇಜಿನ ಮೇಲಿನ ಪ್ರಿಂಟುಗಳನ್ನು, ಅಂಚು ಮಡಿಚದಂತೆ, ಒಂದೊಂದಾಗಿ ಜೋಡಿಸತೊಡಗಿದಳು. ಟೀಚರು, ಮದುಮಗಳು, ತಾಯಿ. ಜೋಡಿಸುತ್ತಿದ್ದ ಕೈ ಹಾಗೇ ನಿಂತಿತು.

"ಅವಳ ಅಕ್ಕನ ಮಗನಿಗೆ ನೀನು ಹೇಗೆ ಗೊತ್ತು? ಆ ಮನೆಗೆ ಮುಂಚೇನೂ ಹೋಗ್ತಿದ್ಯಾ?"

ಹುವಾಟ್ ಮಡಿಚಿದ ಟವೆಲನ್ನು ಬಿಚ್ಚಿದ.

ಗೈಕ್ ಪ್ರಿಂಟುಗಳನ್ನು ಪಕ್ಕಕ್ಕಿಟ್ಟು, ಅವನ ಎದುರಿನ ಕುರ್ಚಿಯನ್ನು ಎಳೆದು ಕೂತಳು. "ಹೇಳು" ಎಂದಳು, "ನಂಗೇನೂ ಅವಸರ ಇಲ್ಲ."