ಒಂದನೇ ಸೋಮಶೇಖರ

ಸೋಮಶೇಖರರ ಗೊಂದಲ ನಮ್ಮ ಕಾಲೇಜಿನಲ್ಲಿ ಪ್ರತಿವರ್ಷದ್ದು. ಕೆಳದಿಯನ್ನಾಳಿದ ಆ ಹೆಸರಿನವರು ಇಬ್ಬರು. ಒಬ್ಬ ಹದಿನೇಳನೇ ಶತಮಾನದವನು, ಇನ್ನೊಬ್ಬ ಹದಿನೆಂಟನೇ ಶತಮಾನದವನು. ನನ್ನ ವಿದ್ಯಾರ್ಥಿಗಳು ಮೊದಲನೆಯವನ ಹೆಂಡತಿ ಚೆನ್ನಮ್ಮನನ್ನು ಎರಡನೆಯವನಿಗೆ ಧಾರೆಯೆರೆದು, ಉತ್ತರ ಪತ್ರಿಕೆಯಲ್ಲೇ ಮದುವೆ ಮುಗಿಸುತ್ತಾರೆ. ಅದಕ್ಕೇ ಪಾಠ ಮಾಡುವಾಗ ಇಬ್ಬರಿಗೂ ಬೇರೆ ಬೇರೆ ದನಿ ಕೊಟ್ಟಿದ್ದೇನೆ. ಒಂದನೆಯವನು ನಶ್ಯ ಏರಿಸಿದ ಮೂಗಿನಲ್ಲಿ ಮಾತಾಡುತ್ತಾನೆ, ಎರಡನೆಯವನು ಶಿವಮೊಗ್ಗದ ಬಸ್ ಕಂಡಕ್ಟರನಂತೆ.

ಮೊನ್ನೆ ಇಬ್ಬರನ್ನೂ ಹೀಗೇ ಜಗಳಕ್ಕೆ ಬಿಟ್ಟಿದ್ದಾಗ ಮುಂದಿನ ಬೆಂಚಿನ ಶರಣ್ಯಾ ಕೇಳಿದಳು: "ಮೇಡಂ, ಒಂದನೇ ಸೋಮಶೇಖರಂಗೆ ತಾನು ಒಂದನೆಯವನು ಅಂತ ಗೊತ್ತಿತ್ತಾ?"

"ಹೆಂಗೆ ಗೊತ್ತಿರುತ್ತೆ ಮಾರಾಯ್ತಿ? ಇನ್ನೊಬ್ಬ ಬರೋವರೆಗೂ ಅವನು ಬರೀ ಸೋಮಶೇಖರ."

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಆ ಭಾನುವಾರ ಭದ್ರಾವತಿಯಲ್ಲಿ ನನ್ನ ತಮ್ಮ ಯೋಗೇಶನ ಮಗುವಿಗೆ ನಾಮಕರಣ. ಅಮ್ಮ ಆರಿಸಿದ್ದ ಹೆಸರು ಸೋಮಶೇಖರ. ಅದು ನಮ್ಮಣ್ಣನದು, ಕಾಲೇಜು ಮುಗಿಸುವ ಮೊದಲೇ ಜ್ವರ ಬಂದು ತೀರಿಕೊಂಡವನದು.

ಶನಿವಾರ ನ್ಯೂ ಟೌನಿನ ಮನೆಗೆ ಕಾಲಿಡುತ್ತಿದ್ದಂತೆ ಯೋಗೇಶನ ಹೆಂಡತಿ ಸುಪ್ರಿಯಾ ನನ್ನನ್ನು ಅಡುಗೆಮನೆಗೆ ಎಳೆದಳು.

"ಅಕ್ಕಾ, ನಾಳೆ ಮಗು ಕಿವೀಲಿ ಹೆಸರು ಹೇಳೋರು ನೀವು. ಅತುಲ್ ಅಂದ್ಬಿಡಿ. ಒಂದ್ಸಲ ಕಿವಿಗೆ ಬಿದ್ಮೇಲೆ ಯಾರೂ ವಾಪಸ್ ತಗೊಳ್ಳಕ್ಕಾಗಲ್ಲ."

ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ನಮ್ಮಲ್ಲಿ ಶಾಸ್ತ್ರ. "ಹಂಗೇನಾದ್ರೂ ಹೇಳಿದ್ರೆ ಅಮ್ಮ ಶಾಸ್ತ್ರಕ್ಕಲ್ಲ, ನಿಜವಾಗ್ಲೂ ಗುದ್ತಾಳೆ" ಎಂದೆ.

"ತಮಾಷೆ ಬೇಡಕ್ಕಾ." ಅವಳ ಕಣ್ಣು ತುಂಬಿತ್ತು. "ಆ ಹೆಸರಿಟ್ರೆ ಇವನು ಕೆಮ್ಮಿದ್ರೂ ಅತ್ತೆ ನಡುಗ್ತಾರೆ. ಮುಂದೆ ಓದಿದ್ರೆ, ಅವನೂ ಹಿಂಗೇ ಓದ್ತಿದ್ದ ಅಂತಾರೆ. ನನ್ನ ಮಗ ಅವನ ಪಾಡಿಗೆ ಅವನಾಗಿ ಬೆಳೀಲಿ."

ಕದ್ದು ಹೆಸರಿಡಲು ಮನಸ್ಸೊಪ್ಪಲಿಲ್ಲ. ಅಮ್ಮನ ಹತ್ತಿರವೇ ಹೋದೆ. ಜಗಲಿಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ನಗಿಸಿ ದಾರಿಗೆ ತರೋಣವೆಂದು, ಮೊಮ್ಮಗನನ್ನು ಬೈಯುವ ಅವಳದೇ ದನಿ ತೆಗೆದೆ: "ಥೂ ಸೋಮೂ, ಮತ್ತೆ ಒದ್ದೆ ಮಾಡ್ದ್ಯೇನೋ! ಏಯ್ ಸೋಮೂ, ಮಣ್ಣು ತಿನ್ಬೇಡ್ವೋ!"

ಅಮ್ಮ ನಗಲಿಲ್ಲ. "ಇನ್ನೊಂದ್ಸಲ ಕರಿ" ಎಂದಳು.

"ಏನಮ್ಮ?"

"ಆ ಹೆಸರು. ಈ ಮನೇಲಿ ಯಾರು ಕರೀತಾರೆ ಹೇಳು? ನಾನು ಸೋಮು ಅಂದ ಕೂಡ್ಲೇ ನಿಮ್ಮಪ್ಪ ಟಿವಿ ಸೌಂಡ್ ಜೋರು ಮಾಡ್ತಾರೆ. ಯೋಗೇಶ ಎದ್ದು ಹೊರಗೆ ಹೋಗ್ತಾನೆ. ನೀನೊಂದು ಜೋಕ್ ಹೊಡೀತೀಯ. ಮಗೂಗಿಟ್ರೆ ಬಾಯ್ತುಂಬ ಕರೀಬಹುದಲ್ಲ."

ಈ ಸಲ ನನ್ನದೇ ದನಿಯಲ್ಲಿ ಕೇಳಿದೆ.

"ಆಮೇಲೆ ಸೋಮು ಅಂದ್ರೆ ತಿರುಗಿ ನೋಡೋನು ಇವನೇ ಅಲ್ವೇನಮ್ಮ? ಅಣ್ಣನ್ನ ಏನಂತ ಕರೀತೀಯ? ಒಂದನೇ ಸೋಮು ಅಂತಲಾ?"

ಅಮ್ಮನ ಕೈ ನಿಂತಿತು. ಬಾಗಿಲಲ್ಲಿದ್ದ ಸುಪ್ರಿಯಾ ಬಂದು ಅವಳ ಪಕ್ಕ ಕೂತಳು.

"ಅತ್ತೆ, ಹಾರ ಹಾಕಿದ ಫೋಟೋ ಬಿಟ್ರೆ ಅವರ ಬಗ್ಗೆ ನಂಗೇನೂ ಗೊತ್ತಿಲ್ಲ. ಹೆಂಗಿದ್ರು ಅವರು? ತರ್ಲೇನಾ?"

"ತರ್ಲೇನಾ ಅಂತೀಯಲ್ಲ! ಇವಳಿಗೆ ಮಿಮಿಕ್ರಿ ಕಲಿಸಿದ್ದೇ ಅವನು. ನಸುಕಿಗೇ ಎದ್ದು ಬಾಯಲ್ಲಿ ಫ್ಯಾಕ್ಟರಿ ಸೈರನ್ ಊದೋನು. ಒಂದಿನ ನಿಮ್ಮಾವ ಡ್ಯೂಟಿಗೆ ಲೇಟಾಯ್ತು ಅಂತ ಗಾಬರಿಯಾಗಿ ಬನಿಯನ್ನಲ್ಲೇ ಸೈಕಲ್ ಹತ್ತಿ ಹೊರಟಿದ್ರು."

ಒಳಗೆ ಟಿವಿ ಸದ್ದು ಜೋರಾಗಲಿಲ್ಲ, ನಿಂತೇ ಹೋಯಿತು. ಅಪ್ಪ ಬಾಗಿಲಿಗೆ ಬಂದರು.

"ಬನಿಯನ್ ಅಲ್ಲ" ಎಂದರು. "ಶರ್ಟ್ ಇತ್ತು. ಗುಂಡಿ ಹಾಕಿರ್ಲಿಲ್ಲ ಅಷ್ಟೆ."

ಸುಪ್ರಿಯಾ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕತ್ತಲಾಗುವವರೆಗೂ ಅಣ್ಣನ ಕತೆಗಳೇ. ಅಪ್ಪ ತಿದ್ದುವುದು, ಅಮ್ಮ ಒಪ್ಪದಿರುವುದು. ಒಳಗೆ ಮಗು ಅತ್ತಿತು. ಅಮ್ಮ ಎತ್ತಿಕೊಂಡು ಬಂದು ಅದರ ಮುಖವನ್ನು ಬಹಳ ಹೊತ್ತು ನೋಡಿದಳು. "ಇವನಿಗೆ ಅತುಲ್ ಅಂತಾನೇ ಹೇಳು ಭವಾನಿ" ಎಂದಳು.

ಮರುದಿನ ತೊಟ್ಟಿಲಿಗೆ ಬಗ್ಗಿ, ಶಾಸ್ತ್ರದಂತೆ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಆ ಹೆಸರನ್ನೇ ಹೇಳಿದೆ. ಬೆನ್ನಿಗೆ ಗುದ್ದುಗಳು ಬಿದ್ದವು. ಪಕ್ಕದ ಮನೆಯ ವಸಂತಮ್ಮ ಅಮ್ಮನತ್ತ ತಿರುಗಿ, "ಏನ್ರೀ ಹಾಲಮ್ಮ, ದೊಡ್ಡ ಮಗನ ಹೆಸರಿಡ್ತೀನಿ ಅಂದಿದ್ರಲ್ಲ?" ಎಂದರು.

"ಸೋಮೂದು ಸೋಮೂಗೇ ಇರ್ಲಿ ಬಿಡಿ" ಎಂದಳು ಅಮ್ಮ. "ಅಂದಹಾಗೆ, ನಿಮ್ಮನೆ ಪೇರಲೆಹಣ್ಣು ಕದೀತಿದ್ದೋನು ಯಾರು ಅನ್ಕೊಂಡಿದ್ರಿ?"

"ಸೋಮೂನೇ ಅಂತ ಗೊತ್ತಿತ್ತು" ಎಂದರು ವಸಂತಮ್ಮ. "ಗೊತ್ತಿದ್ದೇ ಬೇಲಿ ಹಾಕ್ಸಿರ್ಲಿಲ್ಲ."