ನಾಲ್ಕನೆಯ ಪರ್ಯಾಯ

ಮಂಗಲಳಿಗೆ ತರ್ಕ ಇರಲಿಲ್ಲ. ಕೊಲ್ಹಾಪುರದಲ್ಲಿ ಪೊಲೀಸ್ ನೇಮಕಾತಿ ಪರೀಕ್ಷೆಯ ಕ್ಲಾಸು ನಡೆಸುವ ಅವಧೂತ ಸರ್ ಇದನ್ನು ತುಂಬಿದ ಕ್ಲಾಸಿನ ಎದುರು ಹೇಳಿದ್ದರು. ಬೈಯಲಿಲ್ಲ, ರಕ್ತದ ಗುಂಪು ಓದಿ ಹೇಳಿದ ಹಾಗೆ ಹೇಳಿದರು.

ಓಟದಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ. ಗುಂಡು ಎಸೆತದಲ್ಲಿ ಅವಳ ಗೆರೆ ನೋಡಿ ಹುಡುಗರೂ ಸುಮ್ಮನಾಗುತ್ತಿದ್ದರು. ಅವಳು ಮುಗ್ಗರಿಸುತ್ತಿದ್ದದ್ದು ಬುದ್ಧಿಮತ್ತೆಯ ಪೇಪರಿನಲ್ಲಿ. 'ಎಲ್ಲ ಕುರಿಗಳು ಪಕ್ಷಿಗಳು. ಎಲ್ಲ ಪಕ್ಷಿಗಳು ಹಾರುತ್ತವೆ. ಆದ್ದರಿಂದ ಎಲ್ಲ ಕುರಿಗಳು ಹಾರುತ್ತವೆ. ಸರಿಯೋ, ತಪ್ಪೋ?' ಮಂಗಲ ತಪ್ಪು ಎಂದು ಗುರುತು ಹಾಕಿದ್ದಳು. ಅವಳಪ್ಪನ ಹತ್ತಿರ ಇನ್ನೂರಕ್ಕೂ ಹೆಚ್ಚು ಕುರಿಗಳಿದ್ದವು. ಈವರೆಗೆ ಒಂದೂ ಹಾರಿರಲಿಲ್ಲ.

"ನಿನಗೆ ಗೊತ್ತಿರೋದನ್ನೆಲ್ಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬಾ" ಎಂದಿದ್ದರು ಸರ್, ಮರಾಠಿಯಲ್ಲಿ. "ಕೊಟ್ಟ ವಾಕ್ಯ ಅಷ್ಟೇ ಜಗತ್ತು."

ಮರುದಿನ ಇನ್ನೊಂದು ಪ್ರಶ್ನೆ. 'ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಮಳೆ ಬಂದಿಲ್ಲ. ಹಾಗಾದರೆ?' ಮಂಗಲ ಮೂರನೆಯ ಪರ್ಯಾಯಕ್ಕೆ ಗುರುತು ಹಾಕಿದಳು: ಅಂಗಳ ಒಣಗಿದೆ. ಸರಿಯುತ್ತರ ನಾಲ್ಕನೆಯದು: ಏನನ್ನೂ ಹೇಳಲಾಗದು.

"ಯಾರೋ ಕೊಡ ಚೆಲ್ಲಿರಬಹುದಲ್ಲ? ನಲ್ಲಿ ಒಡೆದಿರಬಹುದಲ್ಲ?" ಎಂದರು ಸರ್.

"ಹಾಗಾದರೆ ಸರ್, ಆ ಅಂಗಳದಲ್ಲಿ ಹಪ್ಪಳ ಒಣಗಿಸಬೇಕಾದವಳು ಏನು ಮಾಡಬೇಕು?"

"ಹಪ್ಪಳದವಳು ಪ್ರಶ್ನೆಪತ್ರಿಕೆಯಲ್ಲಿ ಇಲ್ಲ."

ಕ್ಲಾಸು ನಕ್ಕಿತು. ಮಂಗಲ ಕೂತಳು. ಸರ್ ಹೇಳಿದ್ದು ತಪ್ಪೆಂದು ಅವಳಿಗೂ ಅನ್ನಿಸಲಿಲ್ಲ. ನಾಲ್ಕು ಎಂದು ತಿದ್ದಿಕೊಂಡಳು.

ಆಷಾಢ ಅಮಾವಾಸ್ಯೆಯ ದಿನ ಕ್ಲಾಸು ಇರಲಿಲ್ಲ. ಕುರಿಗಳಿಗೆ ಜಂತಿನ ಔಷಧ ತಗೊಂಡು ಬಾ ಎಂದು ಅಪ್ಪ ಫೋನು ಮಾಡಿದ್ದ. ಅವರ ಊರು ಗಡಹಿಂಗ್ಲಜ ತಾಲೂಕಿನಲ್ಲಿ, ಮಹಾಗಾಂವದ ಹತ್ತಿರ. ಮಳೆಗಾಲದಲ್ಲಿ ಅಲ್ಲಿ ನೆಲವೆಲ್ಲ ಕೆಸರಾಗಿ ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೇ ಅಪ್ಪ ಮಾಯಪ್ಪ ಮತ್ತು ಅವ್ವ ಯಮುನವ್ವ ಪ್ರತಿ ವರ್ಷ ಹಿಂಡನ್ನು ಮೂಡಣ ದಿಕ್ಕಿಗೆ ಹೊಡೆದುಕೊಂಡು ಬರುತ್ತಿದ್ದರು. ನಾಂದಣಿ ದಾಟಿ ನದಿಯ ಕಡೆಗಿರುವ ಒಂದು ಸಣ್ಣ ಊರು, ಅಲ್ಲಿ ಬಾಳಗೊಂಡ ಪಾಟೀಲನ ಬೀಳು ಹೊಲ. ಹಿಕ್ಕೆ ಹೊಲಕ್ಕೆ, ಜೋಳ ಇವರಿಗೆ. ಅಲ್ಲಿ ಮಳೆ ಕಡಿಮೆ. ಮಳೆಯಿಂದ ತಪ್ಪಿಸಿಕೊಳ್ಳಲು ಬಂದವರು ಆಕಾಶ ನೋಡುತ್ತಾರೆಯೇ ಹೊರತು ನದಿ ನೋಡುವುದಿಲ್ಲ.

ಇಚಲಕರಂಜಿಯಲ್ಲಿ ಎಸ್‌ಟಿ ಬಸ್ಸು ಇಳಿದು, ನಾಂದಣಿ ಕಡೆಗೆ ಹೋಗುವ ಮಂದಿ ತುಂಬಿಕೊಂಡು ಹೋಗುವ ವಡಾಪ ಜೀಪು ಹಿಡಿಯಲು ಮಂಗಲ ಅದೇ ನದಿಯ ಕಡೆಗಿರುವ ಮಗ್ಗದ ಓಣಿಯ ಮೂಲಕ ನಡೆದಳು. ಆ ಓಣಿಯಲ್ಲಿ ಮಾತಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಬೇಕು. ಇವತ್ತು ಒಂದು ಕಡೆ ಸದ್ದೇ ಇರಲಿಲ್ಲ. ಅವಳ ಚಿಕ್ಕಪ್ಪ ರಾಮಲಿಂಗ ಕಾಕಾ ಹಿಂದೆ ಕೆಲಸ ಮಾಡಿದ ಸಾವಕಾರನ ಶೆಡ್ಡು ಅದು. ತಾಯಿ ಸತ್ತ ದಿನವೂ ಆ ಸಾವಕಾರ ಮಗ್ಗ ನಿಲ್ಲಿಸಿರಲಿಲ್ಲ. ಹೆಣಕ್ಕೆ ಬೆಂಕಿ ಕೊಟ್ಟು, ಪಾಳಿ ಬದಲಾಗುವ ಹೊತ್ತಿಗೆ ಶೆಡ್ಡಿಗೆ ಮರಳಿದ್ದ. ಅದು ಮಂಗಲಳ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸುದ್ದಿ.

ಈಗ ಶೆಡ್ಡಿನ ಮುಂದೆ ಟೆಂಪೋ ನಿಂತಿತ್ತು. ನೂಲು ಸುತ್ತಿದ ಬೀಮುಗಳನ್ನು ಆಳುಗಳು ಏರಿಸುತ್ತಿದ್ದರು. ಸಾವಕಾರ ತಾನೇ ಹೆಗಲ ಮೇಲೆ ನೂಲಿನ ಚೀಲ ಹೊತ್ತು ಏದುಸಿರು ಬಿಡುತ್ತಿದ್ದ.

"ಏನ್ ನಡದೈತ್ರಿ ಸಾವಕಾರ?" ಮಂಗಲ ಕೇಳಿದಳು.

"ಕಾಹೀ ನಾಹೀ, ಸಾಫಸಫಾಯಿ" ಎಂದು, ಏನಿಲ್ಲ, ಸ್ವಚ್ಛ ಮಾಡುವುದಷ್ಟೇ ಎಂಬಂತೆ ಅವನು ಮುಖ ತಿರುಗಿಸಿದ.

ಜೀಪಿನಲ್ಲಿ ಕೂತಾಗ ಗಡಹಿಂಗ್ಲಜದಿಂದ ಅತ್ತೆ ಹೌಸಾಬಾಯಿಯ ಫೋನು ಬಂತು. ಹಿರಣ್ಯಕೇಶಿ ಹೊಳೆಯ ಸೇತುವೆ ಮುಳುಗಿದೆ, ರಾತ್ರಿಯಿಂದ ಮಳೆ ನಿಂತಿಲ್ಲ. ಮಂಗಲ ಜೀಪಿನ ಹೊರಗೆ ನೋಡಿದಳು. ಬಿಸಿಲು ಹೊಳೆಯುತ್ತಿತ್ತು.

ಹೊಲದಲ್ಲಿ ಕುರಿದಡ್ಡಿ ಎಂದಿನ ಹಾಗೇ ಇತ್ತು: ಗೂಟ, ಬಲೆ, ಒಳಗೆ ಹಿಂಡು. ಬಾಳಗೊಂಡ ಮೋಟಾರ್ ಸೈಕಲ್ಲಿನ ಮೇಲೆ ಕೂತು ಮಾಯಪ್ಪನ ಜೊತೆ ಹರಟುತ್ತಿದ್ದ. ಯಮುನವ್ವ ಒಲೆಯ ಮುಂದಿದ್ದಳು.

"ಬಂದ್ರವಾ ಪೊಲೀಸರು" ಎಂದ ಬಾಳಗೊಂಡ. "ಮಾಯಪ್ಪಾ, ಕೈ ಮುಂದ ಮಾಡು, ಬೇಡಿ ಹಾಕತಾಳ."

ಮಂಗಲ ನಗಲಿಲ್ಲ. "ಅಪ್ಪಾ, ಇಚಲಕರಂಜ್ಯಾಗ ರಾಮಲಿಂಗ ಕಾಕಾನ ಸಾವಕಾರ ಮಗ್ಗಾ ನಿಲ್ಸ್ಯಾನ."

ಮಾಯಪ್ಪ ಔಷಧದ ಬಾಟಲಿಯನ್ನು ಕೆಳಗಿಟ್ಟ. "ಅಂವಾ? ಕರೆಂಟ್ ಹೋಗಿರಬೇಕು ತಗೋ."

"ಬಾಜೂ ಚಾದಂಗಡ್ಯಾಗ ಫ್ಯಾನ್ ತಿರಗಾಕತ್ತಿತ್ತು."

"ಮಗ್ಗಾ ಮಾರ್ಯಾನೇನ ಮತ್ತ?"

"ಮಾರಿದ್ರ ಮಗ್ಗಾ ಒಯ್ತಿದ್ರು. ಮಗ್ಗಾ ಅಲ್ಲೇ ಅದಾವ. ಬೀಮು, ನೂಲಿನ ಚೀಲಾ ಅಷ್ಟ ಟೆಂಪೋಕ್ಕ ಹಾಕಾಕತ್ತಾರ. ತಾನೂ ಹೊತ್ತಾನ."

"ತಾನ ಹೊತ್ತಾನ?" ಯಮುನವ್ವ ಒಲೆ ಬಿಟ್ಟು ಎದ್ದಳು. "ಅವಂಗ ಹೆಗಲಮ್ಯಾಗಿನ ಟಾವೆಲ್ ಸೈತ ಭಾರ ಆಕ್ಕಿತ್ತಲ್ಲ!"

"ಕೇಳಿದ್ದಕ್ಕ ಏನಂದ?" ಮಾಯಪ್ಪ ಕೇಳಿದ.

"ಸಾಫಸಫಾಯಿ ಅಂದ."

ಮಾಯಪ್ಪ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿ ನದಿಯ ಕಡೆ ತಿರುಗಿದ. ನದಿ ಅಲ್ಲಿಂದ ಕಾಣುತ್ತಿರಲಿಲ್ಲ. ಕಬ್ಬು ಮಾತ್ರ ಕಾಣುತ್ತಿತ್ತು.

"ಏ ಮಾಯಪ್ಪಾ, ಹೆದರಬ್ಯಾಡೋ" ಎಂದ ಬಾಳಗೊಂಡ. "ಮುಂಜಾನಿ ಡಂಗುರಾ ಹೊಡದು ಹೇಳ್ಯಾರ. ನೀರ ಬರೋದಿದ್ರ ಪಂಚಾಯತಿ ಸೈರನ್ ಭೋಂಗಾ ಊದತೇವಿ, ಭೋಂಗಾ ಕೇಳಿದ್ರ ಹೊರಡ್ರಿ ಅಂತ. ಊದ್ಯಾರೇನು? ಇಲ್ಲ. ಅಂದ್ರ ನೀರಿಲ್ಲ. ಸುಮ್ನ ಕುಂಡ್ರು."

"ಹಿರಣ್ಯಕೇಶಿ ಸೇತುವಿ ಮುಳಗೇತಂತ ಪಾಟೀಲ ಕಾಕಾ. ಅತ್ತಿ ಫೋನ್ ಮಾಡಿದ್ಲು."

"ಆ ಹೊಳಿ ಘಟಪ್ರಭಾಕ್ಕ ಹೋಗಿ ಕೂಡತೈತವಾ. ಅದಕ್ಕೂ ನಮಗೂ ಏನ ಸಂಬಂಧ? ಭೂಗೋಳ ಓದೀಯೋ ಇಲ್ಲೋ?"

"ಹೊಳಿ ಬ್ಯಾರೆ ಕಾಕಾ. ಮೋಡ ಒಂದ ಐತಿ."

ಬಾಳಗೊಂಡ ಬೇರೆ ದಾರಿ ಹಿಡಿದ. "ಕೊಲ್ಹಾಪುರದಾಗ ಶಾಣ್ಯಾ ಮಾಸ್ತರ ಅದಾನಂತಲ್ಲ ನಿನಗ, ಬುದ್ಧಿ ಕಲಸಾಂವ. ಅವನ್ನ ಕೇಳು. ಅಂವಾ ಹೊರಡು ಅಂದ್ರ ನನ್ನ ಎಮ್ಮಿ ಸೈತ ಬಿಚ್ಚತೇನಿ."

ಹೀಯಾಳಿಸಲು ಹೇಳಿದ ಮಾತು. ಮಂಗಲ ನಿಜವಾಗಿಯೂ ಫೋನು ಹಚ್ಚಿದಳು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ಸರ್ ಊಟ ಮಾಡುತ್ತಿದ್ದರು.

"ಸರ್, ಒಂದು ಪ್ರಶ್ನೆ. ನೀರು ಬರುವುದಿದ್ದರೆ ಭೋಂಗಾ ಊದುತ್ತೇವೆ, ಭೋಂಗಾ ಊದಿದರೆ ಹೊರಡಿ ಅಂತ ಹೇಳಿದ್ದಾರೆ. ಭೋಂಗಾ ಊದಿಲ್ಲ. ಹಾಗಾದರೆ?"

"ಮೊದಲ ವಾಕ್ಯ ಖಾತ್ರಿ ಇದೆಯಾ? ಅವರು ಊದಿಯೇ ಊದುತ್ತಾರೆ ಅಂತ?"

"ಹೇಳಿದ್ದಾರೆ ಅಷ್ಟೇ."

"ಹೇಳಿದ್ದು ಖಾತ್ರಿ ಅಲ್ಲ. ಹಾಗಾದರೆ ಉಳಿದದ್ದು ಎರಡನೆಯ ವಾಕ್ಯ. ಪರ್ಯಾಯ ನಾಲ್ಕು. ಹೊರಡಬೇಕು ಅಂತಲೂ ಬರೋಲ್ಲ, ಹೊರಡಬಾರದು ಅಂತಲೂ ಬರೋಲ್ಲ. ಎಷ್ಟು ಸಲ ಹೇಳಿದ್ದೀನಿ?"

ಬಾಳಗೊಂಡ ತಲೆ ಆಡಿಸಿದ. "ಕೇಳಿದೇನ? ಹೊರಡು ಅನ್ನಲಿಲ್ಲ."

"ಕುಂಡ್ರು ಅಂತನೂ ಅನ್ನಲಿಲ್ಲ" ಎಂದಳು ಯಮುನವ್ವ. ಮರಾಠಿ ಅವಳಿಗೂ ತಿಳಿಯುತ್ತಿತ್ತು.

"ಸರ್" ಎಂದಳು ಮಂಗಲ, "ಇದು ಪೇಪರಿನ ಪ್ರಶ್ನೆ ಅಲ್ಲ. ನಾವು ಕುರಿ ಹಾಕಿಕೊಂಡು ನದಿ ದಂಡೆಯ ಹೊಲದಲ್ಲಿದ್ದೇವೆ. ಇಚಲಕರಂಜಿಯಲ್ಲಿ ನದಿ ಕಡೆಯ ಸಾವಕಾರ ಮಗ್ಗ ನಿಲ್ಲಿಸಿ ನೂಲು ಸಾಗಿಸುತ್ತಿದ್ದಾನೆ. ಕೇಳಿದರೆ ಸಾಫಸಫಾಯಿ ಅಂದ."

ಆ ಕಡೆ ಅಗಿಯುವ ಸದ್ದು ನಿಂತಿತು.

"ನದಿ ದಂಡೆಯಲ್ಲಾ?" ಸರ್ ಕಿರುಚಿದರು. "ಸಾವಕಾರ ಮಗ್ಗ ನಿಲ್ಲಿಸಿದ್ದಾನಾ? ಹುಚ್ಚಿ, ಫೋನಿನಲ್ಲಿ ಏನು ಮಾತಾಡ್ತಾ ನಿಂತಿದ್ದೀಯ? ಓಡು! ಕುರಿ ಹೊಡಕೊಂಡು ಓಡು!"

ಫೋನು ಕಟ್ಟಾಯಿತು. ಹಪ್ಪಳದವಳನ್ನು ಪ್ರಶ್ನೆಪತ್ರಿಕೆಯಿಂದ ಹೊರಗಿಟ್ಟ ಮನುಷ್ಯ ನದಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಾನೇ ಅಂಗಳಕ್ಕೆ ಇಳಿದಿದ್ದ. ಸಾವಕಾರ ನಿಲ್ಲಿಸಿದ ಮಗ್ಗಕ್ಕೂ ಈ ಹೊಲಕ್ಕೂ ನಡುವೆ ಎಷ್ಟು ವಾಕ್ಯ ಬಿಟ್ಟುಹೋಗಿವೆ ಎಂದು ಅವರು ಕೇಳಲಿಲ್ಲ. ಮಾಯಪ್ಪನೂ ಕೇಳಲಿಲ್ಲ. ಅವನು ಆಗಲೇ ಎದ್ದು ಕೋಲು ಹಿಡಿದಿದ್ದ.

ಹಿಡಿದವನು ಹಾಗೇ ನಿಂತ. "ಇವತ್ತ ಅಮಾಸಿ."

ಅಮಾವಾಸ್ಯೆಯ ದಿನ ದಡ್ಡಿ ಕೀಳುವುದಿಲ್ಲ. ಕುಲದೇವರಾದ ಬಿರೋಬಾನ ಮಾತು ಅದು. ಮಾಯಪ್ಪನ ಅಪ್ಪ ಕಿತ್ತಿರಲಿಲ್ಲ, ಅಜ್ಜ ಕಿತ್ತಿರಲಿಲ್ಲ. ಭೋಂಗಾದ ಮಾತನ್ನು ಬಿಡುವುದು ಸುಲಭ, ದೇವರ ಮಾತನ್ನು ಬಿಡುವುದು ಮಾಯಪ್ಪನಿಂದ ಆಗದು. ಇಲ್ಲಿ ಮಂಗಲಳ ಬುದ್ಧಿಯೂ ಮುಗಿದಿತ್ತು.

ಯಮುನವ್ವ ಗಂಡನ ಮುಖ ನೋಡಿದಳು. "ದಡ್ಡಿ ಕೀಳ್ರಿ ಅಂತ ಯಾರ ಅಂದ್ರ ನಿಮಗ? ಗೂಟಾ ಹಂಗ ಇರ್ಲಿ. ಬಲಿ ಹಂಗ ಇರ್ಲಿ. ಒಲಿಮ್ಯಾಲಿನ ಗಡಿಗಿ ಸೈತ ಅಲ್ಲೇ ಇರ್ಲಿ. ಅಮಾಸಿ ದಿನಾ ಕುರಿ ಮೇಯಾಕ ಹೋಗೂದಿಲ್ಲೇನ?"

"ಮೇಯಾಕ ಹೋಗತಾವ."

"ಮತ್ತ ಮೇಯಸ್ರಿ. ಎತ್ತರದ ಮಾಳದ ಮ್ಯಾಲ ಮೇಯಸ್ರಿ."

ಮಾಯಪ್ಪ ಬಲೆಯ ಒಂದು ಮೂಲೆ ಎತ್ತಿ, ನಾಲಿಗೆ ಮಡಚಿ ಹಿಂಡಿಗೆ ಕೂಗು ಹಾಕಿದ.

ಯಮುನವ್ವ ಕೈಗೆ ಸಿಕ್ಕಷ್ಟು ಎಳೆಮರಿಗಳನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿಕೊಂಡಳು. ಮಾಯಪ್ಪ ಮುಂದೆ, ಮಂಗಲ ಹಿಂದೆ. ಮಾಳಕ್ಕೆ ಹೋಗುವ ದಾರಿ ಹಳ್ಳದ ಮೋರಿಯ ಮೇಲೆ ಹಾಯುತ್ತದೆ. ಬೆಳಿಗ್ಗೆ ಆ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು ಎಂದು ಮಾಯಪ್ಪ ಹೇಳಿದ. ಈಗ ಮೋರಿಯ ಬಾಯಿ ಮುಚ್ಚಿತ್ತು. ನೀರು ಮೇಲಿನಿಂದ ಹರಿದು ಬಂದಿರಲಿಲ್ಲ. ತುಂಬಿದ ನದಿ ಹಳ್ಳದೊಳಗೆ ಹಿಮ್ಮುಖವಾಗಿ ತಳ್ಳಿತ್ತು. ಮೇಲೆ ಬಿಸಿಲು, ಕೆಳಗೆ ಕೆಂಪು ನೀರು, ಸದ್ದಿಲ್ಲ.

ಹಿಂಡಿನ ಮುಂಭಾಗ ಹಾಯ್ದಿತು. ನಡುಭಾಗ ಹಾಯುವಾಗ ನೀರು ಮೋರಿಯ ಮೇಲೆ ಬಂತು. ಕುರಿಗಳು ಅರಚಿದವು. ಮಂಗಲ ಹಿಂದಿನಿಂದ ತಳ್ಳಿದಳು, ಕಾಲು ಹಿಡಿದು ಎಳೆದಳು, ಎರಡನ್ನು ಎತ್ತಿ ಆಚೆ ಎಸೆದಳು. ಗುಂಡು ಎಸೆದು ಗಟ್ಟಿಯಾದ ತೋಳು ಅದು. ಕೊನೆಯ ಗುಂಪು ಮಾತ್ರ ನೀರು ಕಂಡು ಬೆದರಿ, ಹೊರಳಿ, ಬಂದ ದಾರಿಯಲ್ಲೇ ದಡ್ಡಿಗೆ ಓಡಿತು. ಗೂಟ, ಬಲೆ ಅಲ್ಲೇ ಇದ್ದವಲ್ಲ. ಅವುಗಳ ಪಾಲಿಗೆ ಮನೆ ಅಲ್ಲೇ ಇತ್ತು.

ಮಾಯಪ್ಪ ಆ ದಂಡೆಯಿಂದ ಮರಳಿ ನೀರಿಗಿಳಿದ. ಮೋರಿಯ ನಡುವೆ ನಿಂತಿದ್ದ ಮಂಗಲ ಅವನ ರಟ್ಟೆ ಹಿಡಿದಳು.

"ಅಪ್ಪಾ, ಬಿಡು."

"ಎಳೀ ಮರಿ ಅದಾವ ಅದರಾಗ."

"ಬಿಡು ಅಂತೇನಿ."

ನೀರು ಅವನ ಸೊಂಟಕ್ಕೆ ಬಂದಿತ್ತು. ಬಿಟ್ಟ.

ಅವರು ಮಾಳ ಏರುವ ಹೊತ್ತಿಗೆ ಹಿಂದಿನಿಂದ ಬಾಳಗೊಂಡ ಬಂದ. ಮೋಟಾರ್ ಸೈಕಲ್ ಇರಲಿಲ್ಲ. ಸುತ್ತು ದಾರಿ ಹಿಡಿದು, ಎಮ್ಮೆಗಳ ಬಾಲ ಹಿಡಿದು, ಮೊಣಕಾಲ ತನಕ ಕೆಸರು ಬಳಿದುಕೊಂಡು ಬಂದಿದ್ದ. ಅವನ ಹಿಂದೆ ಅವನ ಹೆಂಡತಿ, ತಮ್ಮನ ಮನೆಯವರು, ಆಚೆ ಹೊಲದ ಎರಡು ಸಂಸಾರಗಳು.

"ಮಾಯಪ್ಪ ಕುರಿ ಹೊಡದ ಅಂದೆ, ಎಲ್ಲಾರೂ ಎದ್ರು" ಎಂದ. "ಯಾಕ ಅಂತ ಒಬ್ಬನೂ ಕೇಳಲಿಲ್ಲ."

"ನೀವ ಕೇಳಿದ್ರಲ್ಲ ಕಾಕಾ, ಎಲ್ಲಾರ ಪಾಲಿಂದು" ಎಂದಳು ಮಂಗಲ. ಅವನು ಕೆಸರು ಒರೆಸುತ್ತ ನಕ್ಕ.

ಸಂಜೆಯ ಬೆಳಕಿರುವಾಗಲೇ ಕಬ್ಬಿನ ಗರಿಗಳು ಮಾತ್ರ ನೀರಿನ ಮೇಲೆ ಉಳಿದವು. ಪಂಚಾಯತಿಯ ಒಬ್ಬ ಮಾಳದ ಬುಡಕ್ಕೆ ಬಂದು ಕೈ ಬಾಯಿಗೆ ಹಿಡಿದು ಕೂಗಿದ: "ಹೊರಡ್ರೋ, ನೀರ ಬರಾಕತ್ತೈತಿ!"

"ಭೋಂಗಾ ಊದಲಿಲ್ಲಲ್ಲೋ ಮಗನ?" ಬಾಳಗೊಂಡ ಮೇಲಿನಿಂದ ಕೇಳಿದ.

"ಟ್ರಾನ್ಸ್‌ಫಾರ್ಮರ್ ನೀರಾಗ ಐತ್ರಿ ಅಣ್ಣಾ. ಮಧ್ಯಾಹ್ನದಿಂದ ಕರೆಂಟಿಲ್ಲ. ಬಾಯಿಲೆ ಊದಲೇನ?"

ಮೊದಲು ಯಮುನವ್ವ ನಕ್ಕಳು. ಆಮೇಲೆ ಇಡೀ ಮಾಳ ನಕ್ಕಿತು. ಆಚೆ ಹೊಲದ ಮುದುಕಿಯೊಬ್ಬಳು ಮಂಗಲಳ ಹಣೆಗೆ ಅರಿಶಿನದ ಭಂಡಾರ ಹಚ್ಚಿದಳು. ಮಾಯಪ್ಪ ಕೋಲು ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದ: "ಬಿರೋಬಾಚ್ಯಾ ನಾವಾನಂ!" ಮಾಳದ ಮೇಲಿದ್ದ ಅಷ್ಟೂ ಜನ, ಎಮ್ಮೆ ಹಿಡಿದ ಬಾಳಗೊಂಡನೂ ಸೇರಿ, ತಿರುಗಿ ಕೂಗಿದರು: "ಚಾಂಗಭಲಂ!" ಬಿರೋಬಾನ ಹೆಸರಿನಲ್ಲಿ ಒಳ್ಳೆಯದಾಗಲಿ ಎಂಬ ಜಯಘೋಷ ಅದು. ಕುರಿಗಳು ಬೆಚ್ಚಿ ಕಿವಿ ನಿಮಿರಿಸಿದವು. ಆ ಸುತ್ತಿನ ಹೊಲಗಳಲ್ಲಿ ಒಬ್ಬ ಮನುಷ್ಯನೂ ಉಳಿದಿರಲಿಲ್ಲ.

ಆಮೇಲೆ ಎಣಿಕೆ. ಎರಡು ಬಂಡೆಗಳ ನಡುವೆ ಅಪ್ಪ ಒಂದು ಕಡೆ, ಮಗಳು ಒಂದು ಕಡೆ ನಿಂತು ಹಿಂಡನ್ನು ಒಂದೊಂದಾಗಿ ಹಾಯಿಸಿದರು. ಇಬ್ಬರ ಲೆಕ್ಕವೂ ಕೂಡಿತು. ಹೋದದ್ದು ಹದಿನೇಳು ಕುರಿ, ನಾಲ್ಕು ಮರಿ, ಎರಡು ಬಲೆ, ಒಂದು ಗಡಿಗೆ.